ಒಂದು ಆಲ್ಬಂ ಪೂರಾ, ಒಂದು ಗುಡ್ಡ ಪೂರಾ



ಈ ಸಲ ನಮ್ಮ ಮನೆಯ ವಿಷಯವನ್ನೇ ಬರೆಯುತ್ತಿದ್ದೇವೆ. ಬೇರೆಯವರ ಮನೆಯ ಬಗ್ಗೆ ಬರೆಯುವಾಗ ಇರುವಷ್ಟು ಧೈರ್ಯ ಈಗ ಇಲ್ಲ ಎಂಬುದನ್ನು ಮೊದಲೇ ಒಪ್ಪಿಕೊಳ್ಳುತ್ತೇವೆ.

2025ರ ಅಕ್ಟೋಬರ್, ಜಪಸರದ ತಿಂಗಳು. ವಾಳೆಯ ಪ್ರಾರ್ಥನೆ ಮುಗಿದು ಚಹಾ ಕುಡಿಯುವಾಗ ಹಿರಿಯರೊಬ್ಬರು, "ಈಗಿನ ಕೆಲವು ಮಕ್ಕಳು ದೆವ್ವದ ಹಾಡು ಕೇಳುತ್ತಾರೆ, ದೆವ್ವದ ಅಂಗಿ ಹಾಕಿಕೊಂಡು ತಿರುಗುತ್ತಾರೆ, ತಂದೆತಾಯಿಗೆ ಕಣ್ಣು ಕಾಣುವುದಿಲ್ಲವೋ ಏನೋ" ಎಂದರು. ಹೆಸರು ಹೇಳಲಿಲ್ಲ, ಹೇಳುವ ಅಗತ್ಯವೂ ಇರಲಿಲ್ಲ. ನಾವು ಮನೆಗೆ ಬಂದು, ಡಿಗ್ರಿ ಎರಡನೇ ವರ್ಷದಲ್ಲಿ ಓದುತ್ತಿರುವ ಮಗನ ಕಪ್ಪು ಟೀಶರ್ಟನ್ನು ಕತ್ತರಿಸಿ ನೆಲ ಒರೆಸುವ ಬಟ್ಟೆ ಮಾಡಿದೆವು. ಮರುದಿನ ಬೆಳಿಗ್ಗೆ ಅಡುಗೆಕೋಣೆಯ ಬಾಗಿಲಲ್ಲಿ ಅದನ್ನು ಕಂಡ ಅವನು ಒಂದು ಮಾತೂ ಆಡಲಿಲ್ಲ. ಆ ದಿನ ಮಾತ್ರವಲ್ಲ, ಮುಂದಿನ ಎರಡು ತಿಂಗಳೂ ಆಡಲಿಲ್ಲ. 'ಹೌದು', 'ಇಲ್ಲ', 'ಊಟ ಆಯಿತು', ಅಷ್ಟೇ.

ಬೈಗುಳಕ್ಕಾದರೆ ತಿರುಗಿ ಉತ್ತರ ಕೊಡಬಹುದು. ಮೌನಕ್ಕೆ ಏನು ಮಾಡುವುದು?

ಅಷ್ಟರಲ್ಲಿ ನಮ್ಮಿಬ್ಬರಲ್ಲಿ ತಂದೆಯ ಸಕ್ಕರೆ ಏರಿತು. ಡಾಕ್ಟರು ನಡೆಯಿರಿ ಎಂದರು. ಮಗ ಕಾಲೇಜಿನ ಗೆಳೆಯರೊಡನೆ ಆಗಾಗ ಗುಡ್ಡ ಹತ್ತುವವನು. ಕ್ರಿಸ್ಮಸ್ ರಜೆಯಲ್ಲಿ ನಮ್ಮನ್ನೂ ಕರೆದುಕೊಂಡು ಹೋಗು ಎಂದು ಕೇಳಿದೆವು. ಬಹಳ ಹೊತ್ತು ಯೋಚಿಸಿ, "ರಾಣಿಪುರಕ್ಕೆ ಹೋಗುವ. ಆದರೆ ದಾರಿಯಲ್ಲಿ ಹಾಕುವುದು ನನ್ನ ಹಾಡು. ಆಲ್ಬಂ ಅಂದರೆ ಪೂರಾ ಆಲ್ಬಂ. ನಡುವಲ್ಲಿ ನಿಲ್ಲಿಸಲಿಕ್ಕೆ ಇಲ್ಲ" ಎಂದ. ಎರಡು ತಿಂಗಳಲ್ಲಿ ಅವನಾಡಿದ ಅತಿ ಉದ್ದದ ಮಾತು ಅದು. ಒಪ್ಪದೆ ಇರುವುದು ಹೇಗೆ?

ಕುಂಬಳೆ ಬದಿಯ ನಮ್ಮ ಮನೆಯಿಂದ ಇನ್ನೂ ಕತ್ತಲಿರುವಾಗಲೇ ಹೊರಟೆವು. ಮೊದಲು ಹಾಕಿದ್ದು ಬ್ಲ್ಯಾಕ್ ಸಬ್ಬತ್ ತಂಡದ ಮೊದಲ ಆಲ್ಬಂ. ಅದರ ಹೆಸರೂ ಅದೇ. 1970ರ ಫೆಬ್ರವರಿ 13ರಂದು ಬಂದದ್ದು. ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ನಗರದ ನಾಲ್ವರು ಬಡ ಹುಡುಗರು ಸ್ಟುಡಿಯೋದಲ್ಲಿ ಒಂದೇ ದಿನ ಕುಳಿತು ನುಡಿಸಿ ಮುಗಿಸಿದ್ದು. ಹೆವಿ ಮೆಟಲ್ ಎಂಬ ಸಂಗೀತ ಇಲ್ಲಿಂದಲೇ ಶುರು ಎಂದು ಬಹಳ ಮಂದಿ ಹೇಳುತ್ತಾರೆ. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳಲು ಸಿದ್ಧರಾಗಿ ಕೂತಿದ್ದ ನಮಗೆ ಮೊದಲು ಕೇಳಿಸಿದ್ದು ಮಳೆ, ಗುಡುಗು, ದೂರದಲ್ಲಿ ಒಂದು ಗಂಟೆ. "ಇದು ಇಗರ್ಜಿಯಲ್ಲಿ ಸಾವಿಗೆ ಹೊಡೆಯುವ ಗಂಟೆಯ ಹಾಗೆ ಉಂಟಲ್ಲ!" ಎಂದರು ತಾಯಿ. ಮಗ ಕನ್ನಡಿಯಲ್ಲಿ ನೋಡಿ ಸ್ವಲ್ಪ ನಕ್ಕ.

ಆಮೇಲೆ ಗಿಟಾರಿನ ಮೂರು ಸ್ವರ. ಕೆಳಗಿನ ಷಡ್ಜ, ಮೇಲಿನ ಷಡ್ಜ, ಅಲ್ಲಿಂದ ಇಳಿದು ಪ್ರತಿಮಧ್ಯಮ. ಪಾಶ್ಚಾತ್ಯರ ಹಳೆಯ ಸಂಗೀತ ಪಂಡಿತರು ಈ ಅಂತರಕ್ಕೆ 'ಸಂಗೀತದಲ್ಲಿರುವ ಸೈತಾನ' ಎಂದು ಹೆಸರಿಟ್ಟಿದ್ದರು. ಧರ್ಮಸಭೆಯೇ ಅದನ್ನು ನಿಷೇಧಿಸಿತ್ತು ಎಂಬ ಕಥೆಯೂ ಇದೆ, ಅದಕ್ಕೆ ಆಧಾರವಿಲ್ಲ. ನಮ್ಮ ಕಡೆ ಕಲ್ಯಾಣಿ ರಾಗ ಹಾಡುವವರು ಇದೇ ಷಡ್ಜ, ಇದೇ ಪ್ರತಿಮಧ್ಯಮದಲ್ಲಿ ದೇವರನ್ನು ಕರೆಯುತ್ತಾರೆ.

ನಿಜ ಹೇಳಬೇಕೆಂದರೆ ಮೊದಲ ಹದಿನೈದು ನಿಮಿಷ ತಲೆ ಸಿಡಿಯಿತು. ಆಮೇಲೆ ಡೋಲು ಯಾವುದು, ಗಿಟಾರ್ ಯಾವುದು ಎಂದು ಬೇರೆ ಬೇರೆ ಕೇಳತೊಡಗಿತು. ಆಲ್ಬಂ ಒಟ್ಟು 38 ನಿಮಿಷ. ಆಗಿನ ಲಾಂಗ್‌ಪ್ಲೇ ತಟ್ಟೆಯಲ್ಲಿ ಒಂದು ಬದಿಗೆ ಇಪ್ಪತ್ತು ನಿಮಿಷದಷ್ಟೇ ಹಿಡಿಯುತ್ತಿತ್ತು. ಯಾವ ಹಾಡು ಮೊದಲು, ಯಾವುದು ಕೊನೆಗೆ ಎಂದು ಲೆಕ್ಕ ಹಾಕಿಯೇ ಜೋಡಿಸುತ್ತಿದ್ದರು. ಅಲ್ಲಿ ಒಂದು ತುಂಡು, ಇಲ್ಲಿ ಒಂದು ತುಂಡು ಕೇಳಿದರೆ ಅದು ಗೊತ್ತಾಗುವುದಿಲ್ಲವಂತೆ.

ಕಾಞಂಗಾಡು ದಾಟಿ ಪೂರ್ವಕ್ಕೆ ತಿರುಗಿದ ಮೇಲೆ ಅವನಾಗಿಯೇ ಮಾತಿಗೆ ಶುರುಮಾಡಿದ. ತಂಡದ ಹಾಡುಗಾರ ಓಜಿ ಆಸ್ಬರ್ನ್ ತೀರಿಕೊಂಡದ್ದು 2025ರ ಜುಲೈ 22ರಂದು, 76ನೇ ವಯಸ್ಸಿನಲ್ಲಿ. ಅದಕ್ಕೆ ಕೇವಲ ಹದಿನೇಳು ದಿನ ಮೊದಲು, ಜುಲೈ 5ರಂದು, ತಾನು ಬೆಳೆದ ಆಸ್ಟನ್ ಬಡಾವಣೆಯ ಫುಟ್‌ಬಾಲ್ ಮೈದಾನದಲ್ಲಿ ಪಾರ್ಕಿನ್ಸನ್ ಕಾಯಿಲೆಯಿಂದ ಏಳಲಾಗದೆ ಕುರ್ಚಿಯಲ್ಲಿ ಕೂತೇ ಹಾಡಿದ್ದರು. ಅದರ ಲಾಭ ಮಕ್ಕಳ ಆಸ್ಪತ್ರೆಗೆ, ಗುಣವಾಗದ ಮಕ್ಕಳನ್ನು ನೋಡಿಕೊಳ್ಳುವ ಮನೆಗೆ, ಪಾರ್ಕಿನ್ಸನ್ ಸಂಶೋಧನೆಗೆ ಎಂದು ಮೀಸಲಿಟ್ಟಿದ್ದರು. ಮಗ ಅದನ್ನು ರಾತ್ರಿ ಮೊಬೈಲಿನಲ್ಲಿ ನೋಡಿದ್ದನಂತೆ. ಸಾವಿನ ಸುದ್ದಿ ಬಂದಮೇಲೆ, ಮದುವೆಮನೆಗಳಲ್ಲಿ ಊಟ ಬಡಿಸಿ ಸಂಪಾದಿಸಿದ ಹಣದಲ್ಲಿ ಆ ಟೀಶರ್ಟ್ ತರಿಸಿದ್ದ.

ನಾವಿಬ್ಬರೂ ಕಿಟಕಿಯ ಹೊರಗೆ ನೋಡಿದೆವು. ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಕಪ್ಪು ಉಡುತ್ತೇವಲ್ಲ, ಅವನಿಗೆ ಅದು ಅಂಥ ಬಟ್ಟೆ. ನಾವು ಅದರಲ್ಲಿ ಮೀನಿನ ನೀರು ಒರೆಸಿದ್ದೆವು.

ದಾರಿಯಲ್ಲಿ ರಾಜಪುರಂ ಸಿಗುತ್ತದೆ. ಕೋಟ್ಟಯಂ ಕಡೆಯ ಕ್ನಾನಾಯ ಕ್ಯಾಥೊಲಿಕರು 1943ರಲ್ಲಿ ವಲಸೆ ಬಂದು ಕಾಡು ಕಡಿದು ನೆಲೆನಿಂತ ಊರು. ಮುಂದೆ ಪನತ್ತಡಿಯಲ್ಲಿ ತಿರುಗಿ ಮೇಲೆ ಹೋದರೆ ರಾಣಿಪುರ. ಅದರ ಹಳೆಯ ಹೆಸರು ಮಾಡತ್ತುಮಲ. 1970ರಲ್ಲಿ ಕೋಟ್ಟಯಂ ಧರ್ಮಪ್ರಾಂತ್ಯ ಅಲ್ಲಿ ಜಾಗ ತೆಗೆದುಕೊಂಡ ಮೇಲೆ ಮಾತೆ ಮರಿಯಮ್ಮನವರ ಗೌರವಕ್ಕಾಗಿ ಈ ಹೆಸರು ಬಂತು. ಅಂದರೆ ನಾವು ಬ್ಲ್ಯಾಕ್ ಸಬ್ಬತ್ ಕೇಳುತ್ತ ಹೋದದ್ದು ಮರಿಯಮ್ಮನವರ ಊರಿಗೆ!

ಅರಣ್ಯ ಇಲಾಖೆಯ ಗೇಟಿನಲ್ಲಿ ಟಿಕೇಟು ತೆಗೆದು ನಡೆಯತೊಡಗಿದೆವು. ಮೇಲಕ್ಕೆ ಎರಡೂವರೆ ಕಿಲೋಮೀಟರಿನ ಆಸುಪಾಸು. ಮೊದಲು ದಟ್ಟ ಕಾಡು, ಮೆಟ್ಟಿಲಿನ ಹಾಗೆ ಅಡ್ಡಬಿದ್ದ ಬೇರುಗಳು. ಮಳೆಗಾಲದಲ್ಲಾದರೆ ಇಂಬಳದ ಕಾಟ, ಡಿಸೆಂಬರಿನಲ್ಲಿ ಬರೀ ಇಬ್ಬನಿ. ಮಗ ಮೊಬೈಲನ್ನು ಚೀಲದೊಳಗೆ ಹಾಕಿದ್ದ. ಕಿವಿಗೂ ಏನೂ ಇಲ್ಲ. ಕೇಳಿದ್ದಕ್ಕೆ, "ಇಲ್ಲಿ ಆನೆ ಉಂಟು ಪಪ್ಪಾ, ಕಿವಿ ಬೇಕು" ಎಂದ. ಅರ್ಧ ದಾರಿಯಲ್ಲಿ ಒಂದು ಗುಂಪು ಸ್ಪೀಕರಿನಲ್ಲಿ ಸಿನಿಮಾ ಹಾಡು ಹಾಕಿಕೊಂಡು ಬಂತು. ನಮ್ಮವನೇ ಹೋಗಿ, "ಚೇಟ್ಟಾ, ಅದನ್ನು ಸ್ವಲ್ಪ ನಿಲ್ಲಿಸ್ತೀರಾ, ಇದು ಕಾಡಲ್ವಾ" ಎಂದು ಮಲಯಾಳದಲ್ಲಿ ಕೇಳಿಕೊಂಡ. ಮನೆಯಲ್ಲಿ ಗೋಡೆ ಅದುರುವಂತೆ ಹಾಡು ಹಾಕುವ ಹುಡುಗ ಇವನೇ ಹೌದೋ ಎಂದು ನಾವು ಮುಖ ಮುಖ ನೋಡಿಕೊಂಡೆವು.

ಮರದ ನೆರಳು ಮುಗಿದು ಹುಲ್ಲಿನ ಏರು ಶುರುವಾದಲ್ಲಿ ತಂದೆಯ ಮಂಡಿ ಕೈಕೊಟ್ಟಿತು. ಬಂಡೆಯ ಮೇಲೆ ಕೂತಾಗ ಮಗ ಗಿಟಾರ್ ನುಡಿಸುವ ಟೋನಿ ಅಯೋಮಿಯ ಕಥೆ ಹೇಳಿದ. ಹದಿನೇಳರ ಹುಡುಗ, ಲೋಹದ ತಗಡಿನ ಕಾರ್ಖಾನೆಯಲ್ಲಿ ಕೆಲಸ. ಬಿಟ್ಟುಹೋಗುವ ಕೊನೆಯ ದಿನವೇ ಯಂತ್ರಕ್ಕೆ ಸಿಕ್ಕಿ ಬಲಗೈಯ ಎರಡು ಬೆರಳಿನ ತುದಿ ಹೋಯಿತು. ಎಡಗೈಯಿಂದ ಮೀಟುವವನಾದ್ದರಿಂದ ತಂತಿ ಒತ್ತಬೇಕಾದದ್ದು ಅದೇ ಬೆರಳುಗಳಿಂದ. ಕಾರ್ಖಾನೆಯ ಮೇಸ್ತ್ರಿಯೊಬ್ಬರು ಜಾಂಗೊ ರೈನ್‌ಹಾರ್ಟ್ ಎಂಬ ಗಿಟಾರ್ ವಾದಕನ ತಟ್ಟೆ ತಂದು ಕೇಳಿಸಿ, ಸುಟ್ಟ ಕೈಯ ಎರಡೇ ಬೆರಳಿನಲ್ಲಿ ನುಡಿಸಿದ್ದು ಇದು ಎಂದರಂತೆ. ಹುಡುಗ ಪ್ಲಾಸ್ಟಿಕ್ ಬಾಟಲಿ ಕರಗಿಸಿ ಬೆರಳಿಗೆ ಟೊಪ್ಪಿ ಮಾಡಿ, ಮೇಲೆ ತೊಗಲು ಅಂಟಿಸಿ, ತೆಳು ತಂತಿ ಹಾಕಿ ಮತ್ತೆ ಕಲಿತ. 1971ರ 'ಮಾಸ್ಟರ್ ಆಫ್ ರಿಯಾಲಿಟಿ' ಆಲ್ಬಮಿನ ಹೊತ್ತಿಗೆ ತಂತಿಗಳನ್ನು ಇನ್ನೂ ಸಡಿಲಿಸಿದ, ಬೆರಳಿಗೆ ನೋವು ಕಡಿಮೆಯಾಗಲೆಂದು. ಆ ಸಡಿಲ ತಂತಿಯ ಭಾರವಾದ ದನಿಯನ್ನೇ ಮುಂದೆ ಎಷ್ಟೋ ತಂಡದವರು ಹಿಡಿದುಕೊಂಡರು.

ತಂದೆಯ ಎಡಗೈಯ ತೋರುಬೆರಳು ಅರ್ಧ ಇಲ್ಲ. ಗಲ್ಫಿನಲ್ಲಿ ಫ್ಯಾಬ್ರಿಕೇಶನ್ ಕೆಲಸದಲ್ಲಿದ್ದಾಗ ಹೋದದ್ದು. ಮಗನಿಗೆ ಆಗ ಮೂರು ವರ್ಷ. ಹೇಗಾಯಿತು ಎಂದು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ, ತಾಯಿಗೂ ಪೂರ್ತಿ ಗೊತ್ತಿರಲಿಲ್ಲ. ಅಂದು ಆ ಬಂಡೆಯ ಮೇಲೆ ಹೇಳಿಯಾಯಿತು. ರಕ್ತ ನಿಂತ ಮೇಲೆ ಮೊದಲು ಬಂದ ಯೋಚನೆ ಆ ತಿಂಗಳ ಸಂಬಳ ಹಿಡಿಯುತ್ತಾರೋ ಏನೋ ಎಂಬುದು, ಅದನ್ನೂ ಹೇಳಿಯಾಯಿತು. ಮಗ ಬುತ್ತಿಯ ಕಟ್ಟು ಬಿಚ್ಚಿ ಪೋಳೆ ಮುಂದಿಟ್ಟ. ನೆತ್ತಿಯ ಮೇಲೆ ಗಾಳಿ ಎಷ್ಟಿತ್ತೆಂದರೆ ಪೂರ್ವದಲ್ಲಿ ತಲಕಾವೇರಿಯ ಕಡೆಯ ಕಾಡುಗುಡ್ಡಗಳನ್ನು ನೋಡುತ್ತ ನಿಂತ ನಮಗೆ ಮಾತನಾಡುವ ಅಗತ್ಯವೇ ಬೀಳಲಿಲ್ಲ.

ಇಳಿದ ಮೇಲೆ ಕಾರಿನಲ್ಲಿ 'ಮಾಸ್ಟರ್ ಆಫ್ ರಿಯಾಲಿಟಿ' ಕೇಳಿದೆವು. ಅದರಲ್ಲಿ ಸಾವು ಮತ್ತು ದೇವರ ಬಗ್ಗೆ ನೇರವಾಗಿ ಪ್ರಶ್ನೆ ಕೇಳುವ ಒಂದು ಹಾಡಿದೆ, ಉತ್ತರವೂ ದೇವರ ಕಡೆಗೇ ಇದೆ. ತಂಡದ ಹೆಚ್ಚಿನ ಸಾಹಿತ್ಯ ಬರೆಯುತ್ತಿದ್ದ ಗೀಝರ್ ಬಟ್ಲರ್ ಕಟ್ಟಾ ಐರಿಷ್ ಕ್ಯಾಥೊಲಿಕ್ ಮನೆಯಲ್ಲಿ ಬೆಳೆದವರು. ಇವರ ಕೊರಳಿನ ಶಿಲುಬೆಗಳನ್ನು ಮಾಡಿಕೊಟ್ಟದ್ದು ಓಜಿಯ ತಂದೆಯವರು. ಮೊದಲ ಆಲ್ಬಮಿನ ಒಳಹಾಳೆಯ ತಲೆಕೆಳಗಾದ ಶಿಲುಬೆಯಾದರೋ ತಂಡಕ್ಕೆ ತಿಳಿಸದೆ ಕಂಪೆನಿಯವರು ಹಾಕಿದ್ದು.

ಹಾಗೆಂದು ಎಲ್ಲವನ್ನೂ ನಾವು ಮೆಚ್ಚಿಕೊಂಡೆವು ಎಂದಲ್ಲ. ಆ ನಾಲ್ವರು ಕುಡಿತ, ಮಾದಕ ವಸ್ತುಗಳಲ್ಲಿ ಕಳೆದುಕೊಂಡದ್ದು ಬಹಳ. ಅವರೇ ಅದನ್ನು ಹೇಳಿಕೊಂಡಿದ್ದಾರೆ. ಆಮೇಲೆ ಬಂದ ಕೆಲವು ತಂಡಗಳು ಬೇಕೆಂದೇ ಧರ್ಮವನ್ನು ಹೀಯಾಳಿಸಿದ್ದೂ ಉಂಟು. ಇದನ್ನು ಮಗನಿಗೆ ಹೇಳಿದೆವು. "ಅವುಗಳನ್ನು ನಾನೂ ಕೇಳುವುದಿಲ್ಲ, ನೀವು ಕೇಳಿದ್ದರೆ ಹೇಳುತ್ತಿದ್ದೆ" ಎಂದ.

ಕ್ಷಮೆ ಕೇಳಿದ್ದು ಕುಂಬಳೆ ತಲುಪುವ ಸ್ವಲ್ಪ ಮೊದಲು, ಕತ್ತಲಾದ ಮೇಲೆ. ಹೊಸ ಟೀಶರ್ಟ್ ತರಿಸಿಕೊಡುತ್ತೇವೆ ಎಂದೆವು. ಬೇಡ ಎಂದ. ಉಳಿದಿದ್ದ ದೊಡ್ಡ ತುಂಡನ್ನು ತಾಯಿ ಒಗೆದು ಇಸ್ತ್ರಿ ಮಾಡಿ ಅವನ ಕಪಾಟಿನಲ್ಲಿಟ್ಟಿದ್ದಾರೆ. ಅವನು ಅದನ್ನು ತೆಗೆದಿಲ್ಲ, ಬಿಸಾಡಿಯೂ ಇಲ್ಲ.

ಮುಂದಿನ ಗುಡ್ಡ ವಯನಾಡಿನ ಚೆಂಬ್ರಾ ಎಂದು ತೀರ್ಮಾನವಾಗಿದೆ. ಸುಮಾರು 2100 ಮೀಟರ್ ಎತ್ತರ, ಮಂಡಿ ಏನು ಹೇಳುತ್ತದೋ ನೋಡಬೇಕು. ದಾರಿಗೆ ಐರನ್ ಮೇಡನ್ ತಂಡದ 1984ರ 'ಪವರ್‌ಸ್ಲೇವ್'. ಅದರ ಕೊನೆಯ ಹಾಡೊಂದೇ ಹದಿಮೂರೂವರೆ ನಿಮಿಷ, ಕೋಲ್‌ರಿಜ್ ಕವಿಯ ಮುದಿ ನಾವಿಕನ ಕಥೆ. ತಾಯಿ ಅದನ್ನು ಕಾಲೇಜಿನಲ್ಲಿ ಓದಿದ್ದರು. ಹಳೆಯ ಪುಸ್ತಕ ಅಟ್ಟದಿಂದ ಇಳಿಸಿ, ಮಗ ಕೇಳಿದರೆ ಹೇಳಲು ಬೇಕಲ್ಲ ಎಂದು ಈಗ ಮತ್ತೆ ಓದುತ್ತಿದ್ದಾರೆ.