ಗಣಕಯಂತ್ರವನ್ನು ಕೊಳ್ಳುವ ಮುನ್ನ

ತೀರ್ಥಹಳ್ಳಿಯ ಕಡೆಯ ವಾಚಕರೊಬ್ಬರು ಹೋದ ತಿಂಗಳು ನನಗೊಂದು ಕಾಗದವನ್ನು ಬರೆದಿದ್ದರು. ಅವರ ಮನೆಯಲ್ಲಿ 2014ರಲ್ಲಿ ಕೊಂಡ ಗಣಕಯಂತ್ರವೊಂದುಂಟು. ಅದನ್ನು ರಿಪೇರಿಗೆಂದು ಪೇಟೆಗೆ ಒಯ್ದಾಗ ಅಂಗಡಿಯವರು, “ವಿಂಡೋಸ್ 10ರ ಕಾಲ ಮುಗಿಯಿತು ಸ್ವಾಮಿ, ಇದರಲ್ಲಿ 11 ಕೂಡುವುದಿಲ್ಲ. ಗುಜರಿಗೆ ಹಾಕಿ ಹೊಸ ಲ್ಯಾಪ್‌ಟಾಪು ತೆಗೆದುಕೊಳ್ಳಿ” ಎಂದರಂತೆ. ಹೊಸದಕ್ಕೆ ಹೇಳಿದ ಬೆಲೆ 45 ಸಾವಿರ ರೂಪಾಯಿ. ಮಗಳು ಈ ವರ್ಷ ಕಾಲೇಜಿಗೆ ಸೇರತಕ್ಕವಳು. ಅವಳಿಗಾಗಿ ತೆಗೆದಿರಿಸಿದ ಹಣ 20 ಸಾವಿರ. ಮಿಕ್ಕುದಕ್ಕೆ ಸಂಘದಲ್ಲಿ ಸಾಲವೆತ್ತಬೇಕೆ, ಅಥವಾ ಲಿನಕ್ಸ್ ಎಂಬುದನ್ನು ನಂಬಬಹುದೆ ಎಂದು ಅವರು ಕೇಳಿರುವರು. ಇದೇ ಪ್ರಶ್ನೆ ಅನೇಕ ಮನೆಗಳಲ್ಲಿ ಎದ್ದಿರಬಹುದಾದುದರಿಂದ ಉತ್ತರವನ್ನು ಇಲ್ಲಿಯೇ ಬರೆಯುತ್ತಿರುವೆನು.

ಅಂಗಡಿಯವರ ಮಾತು ಅರ್ಧ ನಿಜ. ಮೈಕ್ರೊಸಾಫ್ಟ್ ಸಂಸ್ಥೆಯವರು ವಿಂಡೋಸ್ 10ಕ್ಕೆ ಕೊಡುತ್ತಿದ್ದ ಸಾಮಾನ್ಯ ಪೋಷಣೆಯನ್ನು 2025ನೆಯ ಅಕ್ಟೋಬರ್ 14ರಂದು ನಿಲ್ಲಿಸಿದರು. ವಿಂಡೋಸ್ 11 ಬೇಕೆಂದರೆ ಯಂತ್ರದಲ್ಲಿ ಟಿಪಿಎಂ 2.0 ಎಂಬ ರಕ್ಷಣೆಯ ಅಂಗವೂ, ಇಂಟೆಲ್ ಆದಲ್ಲಿ ಬಹುಮಟ್ಟಿಗೆ ಎಂಟನೆಯ ತಲೆಮಾರಿನ ಅಥವಾ ಅದಕ್ಕೆ ಈಚಿನ ಪ್ರೊಸೆಸರೂ ಇರಬೇಕೆಂಬುದು ಅವರ ನಿಯಮ. ಆದರೆ ನಿಯಮ ಬದಲಾದ ಮಾತ್ರಕ್ಕೆ ಯಂತ್ರದ ಶಕ್ತಿ ಕುಂದಿತೆ? ನಿನ್ನೆಯವರೆಗೆ ಲೆಕ್ಕ ಬರೆಯುತ್ತಿದ್ದುದು ಇಂದೂ ಬರೆಯಬಲ್ಲುದು. ಲಿನಕ್ಸ್ ಮಿಂಟ್ ಎಂಬ ಮುಕ್ತ ವ್ಯವಸ್ಥೆಯವರು ಕೇಳುವುದು 2 ಜಿಬಿ ರ್ಯಾಮ್, ಸುಖವಾಗಿ ನಡೆಯಬೇಕಾದರೆ 4 ಜಿಬಿ, ಮತ್ತು 20 ಜಿಬಿಯಷ್ಟು ಜಾಗ. ಬೆಲೆ ಏನೂ ಇಲ್ಲ. ಈ ವ್ಯವಸ್ಥೆಯ ತಿರುಳಾದ ಲಿನಕ್ಸನ್ನು 1991ರಲ್ಲಿ ಬರೆಯತೊಡಗಿದ ಲೀನಸ್ ಟೊರ್ವಾಲ್ಡ್ಸ್ ಹೆಲ್ಸಿಂಕಿಯ ವಿಶ್ವವಿದ್ಯಾಲಯದಲ್ಲಿ ವಿದ್ಯಾರ್ಥಿಯಾಗಿದ್ದನು. ಅದಕ್ಕಾಗಿ ಬಳಸಿದ ಯಂತ್ರವನ್ನು ಕಂತಿನ ಮೇಲೆ ಕೊಂಡಿದ್ದನು. ಮಧ್ಯಮ ವರ್ಗದ ಗೃಹಸ್ಥರಿಗೆ ಇದು ಕೇಳಲು ಹಿತವಾದ ಸಂಗತಿ.

ಹಾಗಿದ್ದರೆ ತೊಡಕು ಎಲ್ಲಿ? ಯಂತ್ರದ ಬಿಡಿ ಅಂಗಗಳಲ್ಲಿ. ವೈಫೈ, ಧ್ವನಿ, ಚಿತ್ರ, ಪ್ರಿಂಟರ್, ಇವುಗಳಲ್ಲಿ ಪ್ರತಿಯೊಂದಕ್ಕೂ ತನ್ನದೇ ಸಂಕೇತಭಾಷೆಯುಂಟು. ಅದನ್ನು ವ್ಯವಸ್ಥೆಗೆ ತಿಳಿಯಹೇಳುವ ತಂತ್ರಾಂಶಕ್ಕೆ ಡ್ರೈವರ್ ಎಂದು ಹೆಸರು. ಸಂಸ್ಕೃತ ಓದಿದವರಿಗೆ ಇದು ಸುಲಭವಾಗಿ ತಿಳಿಯುವುದು. ಪಾಣಿನಿಯ ಸೂತ್ರಗಳು ನಾಲ್ಕಾರು ಅಕ್ಷರಗಳಲ್ಲಿ ಮುಗಿಯುತ್ತವೆ. ಪತಂಜಲಿಯ ಭಾಷ್ಯವೋ ಕಾಶಿಕಾವೃತ್ತಿಯೋ ಕೈಯಲ್ಲಿಲ್ಲದೆ ಅವುಗಳ ಒಳಹೊಗುವುದು ಕಷ್ಟ. ಯಂತ್ರದ ಅಂಗವು ಸೂತ್ರವಾದರೆ ಡ್ರೈವರು ಅದರ ವ್ಯಾಖ್ಯಾನ. ಕೆಲವು ತಯಾರಕರು ವ್ಯಾಖ್ಯಾನವನ್ನು ಲೋಕದ ಮುಂದಿಡುವರು. ಕೆಲವರು ಪೆಟ್ಟಿಗೆಯಲ್ಲಿ ಬೀಗಹಾಕಿ ಇಡುವರು. ಮುಕ್ತ ವ್ಯವಸ್ಥೆಗೆ ಯಂತ್ರವನ್ನು ಆರಿಸುವುದೆಂದರೆ ಈ ಎರಡು ಬಗೆಯವರನ್ನು ಗುರುತಿಸುವುದೇ ಆಗಿದೆ.

ಇದನ್ನು ನಾನು ಹಣ ತೆತ್ತು ಕಲಿತೆನು. ಮೂರು ವರ್ಷಗಳ ಕೆಳಗೆ, ಮನೆಗೆ ಪಾಠಕ್ಕೆ ಬರುವ ಹುಡುಗರಿಗಾಗಿ ಶಬ್ದರೂಪಗಳ ಹಾಳೆಗಳನ್ನು ಅಚ್ಚುಹಾಕಬೇಕೆಂದು ಒಂದು ಅಗ್ಗದ ಲೇಸರ್ ಪ್ರಿಂಟರನ್ನು ತಂದೆನು. “ಎಲ್ಲದಕ್ಕೂ ಆಗುತ್ತದೆ ಸಾರ್” ಎಂದು ಅಂಗಡಿಯವರು ಅಭಯವಿತ್ತಿದ್ದರು. ಮನೆಯಲ್ಲಿ ಲಿನಕ್ಸ್ ಇದ್ದ ಯಂತ್ರಕ್ಕೆ ಜೋಡಿಸಿದರೆ ಅದು ದೀಪವನ್ನು ಮಿಣುಕಿಸಿ ಸುಮ್ಮನಾಯಿತು. ಎರಡು ಸಂಜೆ ಹೆಣಗಿದೆನು. ಬಂದ ಅತಿಥಿ ಊಟವನ್ನೂ ಮಾಡದೆ ಮಾತನ್ನೂ ಆಡದೆ ಮೂಲೆಯಲ್ಲಿ ಕುಳಿತಂತಿದೆ ಎಂದು ನಮ್ಮ ಮನೆಯವರು ನಕ್ಕರು. ಕಡೆಗೆ ನೆರೆಮನೆಯ ಹುಡುಗನು ಬಂದು ವಿಷಯವನ್ನು ಬಿಡಿಸಿ ಹೇಳಿದನು: ಆ ಪ್ರಿಂಟರಿಗೆ ಸ್ವಂತ ಬುದ್ಧಿಯಿಲ್ಲ. ಪುಟವನ್ನೆಲ್ಲ ಗಣಕವೇ ತಯಾರಿಸಿ, ತಯಾರಕರ ಗುಟ್ಟಿನ ಭಾಷೆಗೆ ತಿರುಗಿಸಿ ಬಡಿಸಬೇಕು. ಆ ಗುಟ್ಟನ್ನು ಅವರು ವಿಂಡೋಸಿಗೆ ಮಾತ್ರ ಚೆನ್ನಾಗಿ ಹೇಳಿಕೊಟ್ಟಿದ್ದರು. ಕೊಂಡ ಬೆಲೆಯ ಅರ್ಧಕ್ಕೆ ಅದನ್ನು ಜೆರಾಕ್ಸ್ ಅಂಗಡಿಗೆ ಮಾರಿದೆನು. ಹುಡುಗರು ಆ ವರ್ಷವೂ ಕೈಯಲ್ಲೇ ಬರೆದುಕೊಂಡರು. (ಅವರ ಅಕ್ಷರವೇನೋ ದುಂಡಗಾಯಿತು.)

ವಿನೋದವೇನೆಂದರೆ, ಮುಕ್ತ ತಂತ್ರಾಂಶದ ಚರಿತ್ರೆಯಲ್ಲಿಯೂ ಮೊದಲಿಗೆ ಬರುವುದು ಒಂದು ಪ್ರಿಂಟರೇ. 1980ರ ಸುಮಾರಿಗೆ ಅಮೆರಿಕದ ಎಂಐಟಿಯಲ್ಲಿದ್ದ ರಿಚರ್ಡ್ ಸ್ಟಾಲ್ಮನ್, ಪದೇ ಪದೇ ಕಾಗದ ಸಿಕ್ಕಿಕೊಳ್ಳುತ್ತಿದ್ದ ಹೊಸ ಪ್ರಿಂಟರಿನ ತಂತ್ರಾಂಶವನ್ನು ತಿದ್ದಬೇಕೆಂದು ಅದರ ಮೂಲವನ್ನು ಕೇಳಿದನು, ಅದು ದೊರೆಯಲಿಲ್ಲ. ಅವನು 1983ರಲ್ಲಿ ಗ್ನೂ ಎಂಬ ಯೋಜನೆಯನ್ನು ಸಾರಿದುದಕ್ಕೆ ಆ ಬೇಸರವೂ ಒಂದು ಕಾರಣ. ನನ್ನ ಬೇಸರದಿಂದ ಹುಟ್ಟಿದುದು ಈ ಲೇಖನವೊಂದೇ.

ಈಗ ಪ್ರಿಂಟರ್ ಕೊಳ್ಳುವವರು ಪೆಟ್ಟಿಗೆಯ ಮೇಲೆ ‘ಏರ್‌ಪ್ರಿಂಟ್’ ಅಥವಾ ‘ಮೊಪ್ರಿಯಾ’ ಎಂಬ ಗುರುತನ್ನು ನೋಡಲಿ. ಇಂಥವು ಬೇರೆ ಡ್ರೈವರನ್ನು ಬೇಡದೆ ಸಾಮಾನ್ಯವಾಗಿ ಲಿನಕ್ಸಿನಲ್ಲಿ ನಡೆಯುತ್ತವೆ. ಎಚ್‌ಪಿ ಸಂಸ್ಥೆಯವರು ತಮ್ಮ ಪ್ರಿಂಟರುಗಳಿಗೆ ಲಿನಕ್ಸಿನ ತಂತ್ರಾಂಶವನ್ನು ತಾವೇ ಒದಗಿಸುತ್ತಿರುವುದೂ ಉಪಯುಕ್ತ.

ಮಗಳಿಗೆ ಲ್ಯಾಪ್‌ಟಾಪೇ ಬೇಕೆಂದರೆ, ಹೊಸದಾದ ಅಗ್ಗದ ಯಂತ್ರಕ್ಕಿಂತ ಕಚೇರಿಗಳಿಂದ ಬಿಡುಗಡೆಯಾದ ಹಳೆಯದನ್ನು ಕೊಳ್ಳುವುದು ಮೇಲೆಂದು ನನ್ನ ಖಚಿತ ಅಭಿಪ್ರಾಯ. ತೀರ ಅಗ್ಗದ ಹೊಸ ಯಂತ್ರಗಳಲ್ಲಿ ಅನೇಕವೇಳೆ 4 ಜಿಬಿ ರ್ಯಾಮನ್ನು ಬೆಸೆದುಬಿಟ್ಟಿರುತ್ತಾರೆ, ಮುಂದೆ ಹೆಚ್ಚಿಸುವಂತಿಲ್ಲ. ಲೆನೊವೊ ಥಿಂಕ್‌ಪ್ಯಾಡ್ ಟಿ470, ಎಚ್‌ಪಿ ಎಲೈಟ್‌ಬುಕ್ 840 ಜಿ3, ಇಂಥವು 2016–17ರ ಕಾಲದವು; ಕಚೇರಿಯ ದುಡಿಮೆಗೆಂದೇ ಕಟ್ಟಿದವು; ಹಿಂಬದಿಯ ತಿರುಪುಗಳನ್ನು ಬಿಚ್ಚಿದರೆ ರ್ಯಾಮನ್ನೂ ಎಸ್‌ಎಸ್‌ಡಿಯನ್ನೂ ಬದಲಾಯಿಸಬಹುದು. ಇವುಗಳ ಪ್ರೊಸೆಸರು ಆರನೆಯ ಏಳನೆಯ ತಲೆಮಾರಿನದಾದುದರಿಂದ ವಿಂಡೋಸ್ 11ರ ಪಟ್ಟಿಯಲ್ಲಿಲ್ಲ. ಪಟ್ಟಿಯಲ್ಲಿಲ್ಲದ ವಸ್ತುವಿಗೆ ಪೇಟೆಯಲ್ಲಿ ಆದರ ಕಡಮೆ. ಚೌಕಾಸಿಗೆ ಅದೇ ನಮ್ಮ ಬಲ. ಬೆಂಗಳೂರಿನ ಎಸ್‌.ಪಿ. ರಸ್ತೆಯಲ್ಲಿ ನನ್ನ ತಂಗಿಯ ಮಗನಿಗಾಗಿ ಇಂಥದೊಂದನ್ನು 8 ಜಿಬಿ ರ್ಯಾಮ್, 256 ಜಿಬಿ ಎಸ್‌ಎಸ್‌ಡಿ ಸಹಿತ 14,500 ರೂಪಾಯಿಗೆ ತಂದೆನು.

ಆರಿಸುವಾಗ ಮೊದಲು ನೋಡತಕ್ಕದ್ದು ವೈಫೈ. ಇಂಟೆಲ್ ವೈಫೈಯ ಡ್ರೈವರು ಲಿನಕ್ಸಿನ ಒಳಗೇ ಸೇರಿರುತ್ತದೆ. ಬ್ರಾಡ್‌ಕಾಮಿನ ಕೆಲವು ಹಳೆಯ ವೈಫೈ ಅಂಗಗಳೂ, ಪೇಟೆಯಲ್ಲಿ ಸಿಕ್ಕುವ ಹೆಬ್ಬೆರಳಿನಷ್ಟು ವೈಫೈ ಕಡ್ಡಿಗಳಲ್ಲಿ ಹಲವೂ ಕಾಡುವುದುಂಟು. ಚಿತ್ರದ ವಿಷಯದಲ್ಲಿ ಇಂಟೆಲ್ ಅಥವಾ ಎಎಂಡಿ ಪ್ರೊಸೆಸರಿನಲ್ಲಿಯೇ ಅಡಕವಾದ ಗ್ರಾಫಿಕ್ಸ್ ಮನೆಗೆ ಸಾಕು. ಎನ್‌ವಿಡಿಯಾ ಕಾರ್ಡು ಆಟವಾಡುವವರಿಗೆ ಬೇಕಾದೀತು. ಹಳೆಯ ಕಾರ್ಡುಗಳಿಗೆ ಡ್ರೈವರಿನ ಪೋಷಣೆ ನಿಂತುಹೋಗುವ ಭಯವೂ ಇದೆ. ಬೆರಳ ಗುರುತಿನ ಬೀಗ ನಡೆಯದಿದ್ದರೆ ಚಿಂತೆಬೇಡ, ಗುಪ್ತಪದವಿದೆ.

ಇಷ್ಟೆಲ್ಲ ಓದಿದರೂ ಕಣ್ಣಾರೆ ಕಾಣದೆ ಹಣ ಕೊಡಬೇಡಿ. ಲಿನಕ್ಸಿನಲ್ಲಿ ಇದಕ್ಕೊಂದು ಸೊಗಸಾದ ಅನುಕೂಲವಿದೆ. ಸುಮಾರು 3 ಜಿಬಿಯ ಮಿಂಟ್ ಕಡತವನ್ನು 8 ಜಿಬಿಯ ಪೆನ್‌ಡ್ರೈವಿಗೆ ‘ರುಫಸ್’ ಎಂಬ ಉಪಕರಣದಿಂದ ಇಳಿಸಿಕೊಂಡರೆ, ಯಂತ್ರದ ಒಳಗೆ ಏನನ್ನೂ ಮುಟ್ಟದೆ ಆ ಕಡ್ಡಿಯಿಂದಲೇ ಇಡೀ ವ್ಯವಸ್ಥೆಯನ್ನು ನಡೆಸಿ ನೋಡಬಹುದು. ಪೆನ್‌ಡ್ರೈವನ್ನು ಚುಚ್ಚಿ, ಯಂತ್ರವನ್ನು ಹೊತ್ತಿಸುವಾಗ ಲೆನೊವೊ, ಡೆಲ್‌ಗಳಲ್ಲಿ ಎಫ್12ನ್ನೂ ಎಚ್‌ಪಿಯಲ್ಲಿ ಎಫ್9ನ್ನೂ ಒತ್ತಬೇಕು. ಬಳಿಕ ನಿಮ್ಮ ಫೋನಿನ ಹಾಟ್‌ಸ್ಪಾಟಿಗೆ ವೈಫೈಯನ್ನು ಸೇರಿಸಿ. ಹಾಡೊಂದನ್ನು ಹಚ್ಚಿ. ಕ್ಯಾಮೆರಾ ತೆರೆಯಿರಿ. ಮುಚ್ಚಳವನ್ನು ಮುಚ್ಚಿ ಎರಡು ನಿಮಿಷ ಬಿಟ್ಟು ತೆರೆದಾಗ ಎಚ್ಚರಗೊಳ್ಳುವುದೇ ನೋಡಿ. ಅನೇಕರು ಇದನ್ನೇ ಮರೆಯುವರು. ಚಾರ್ಜರನ್ನು ಕಿತ್ತು ಬ್ಯಾಟರಿಯ ಮೇಲೆ ಹತ್ತು ನಿಮಿಷ ನಡೆಸಿ. ಬಯೋಸಿನ ಒಳಹೊಕ್ಕು, ಹಿಂದಿನ ಕಚೇರಿಯವರ ಗುಪ್ತಪದ ಉಳಿದಿಲ್ಲವೆಂಬುದನ್ನು ಖಾತ್ರಿಮಾಡಿಕೊಳ್ಳಿ. ಉಳಿದಿದ್ದರೆ ಆ ಯಂತ್ರವನ್ನು ಅಲ್ಲಿಯೇ ಬಿಟ್ಟುಬನ್ನಿ. ಇಷ್ಟಕ್ಕೆ ಅರ್ಧ ಗಂಟೆ ಹಿಡಿಯುವುದು. ಅಂಗಡಿಯವರು ಮುಖ ಸಿಂಡರಿಸಿಯಾರು. ರೇಷ್ಮೆ ಸೀರೆಯನ್ನು ಬಿಚ್ಚಿಸಿ ಬೆಳಕಿಗೆ ಹಿಡಿದು ನೋಡುವ ನಮ್ಮ ಗೃಹಿಣಿಯರಿಂದ ಧೈರ್ಯವನ್ನು ಕಲಿಯೋಣ. ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ನಾನಂತೂ ಕೊಳ್ಳುವುದಿಲ್ಲ.

ಲಿನಕ್ಸ್ ಎಲ್ಲರಿಗೂ ಸಲ್ಲುವುದೆಂದು ಹೇಳಲಾರೆನು. ಟ್ಯಾಲಿಯಲ್ಲಿ ಲೆಕ್ಕವಿಡುವ ವರ್ತಕರಿಗೆ ವಿಂಡೋಸ್ ಬೇಕು. ಕಾಲೇಜಿನಲ್ಲಿಯೂ ವಿಂಡೋಸಿನ ಮೇಲೆ ಮಾತ್ರ ನಡೆಯುವ ತಂತ್ರಾಂಶವನ್ನು ವಿಧಿಸಿರುವರೇ ಎಂದು ಮೊದಲೇ ವಿಚಾರಿಸಿಕೊಳ್ಳುವುದು ಲೇಸು. ಓದು, ಬರಹ, ಪಟ್ಟಿ, ಬ್ರೌಸರಿನಲ್ಲಿ ನಡೆಯುವ ಪಾಠ, ಪ್ರೋಗ್ರಾಮಿಂಗ್ ಕಲಿಕೆ, ಇವಿಷ್ಟಕ್ಕೆ ಕೊರತೆಯಿಲ್ಲ. ಕನ್ನಡ ಬೆರಳಚ್ಚಿನ ಬಗೆಗೂ ಕಾಗದದಲ್ಲಿ ಕೇಳಿದ್ದರು: ‘ನುಡಿ’ಯಲ್ಲಿ ರೂಢಿಯಾದ ಕೆ.ಪಿ. ರಾವ್ ಅವರ ಕೀಲಿಮಣೆಯ ವಿನ್ಯಾಸವು ಲಿನಕ್ಸಿನಲ್ಲಿ ‘ಕೆಜಿಪಿ’ ಎಂಬ ಹೆಸರಿನಲ್ಲಿ ದೊರೆಯುವುದು. ಗುಬ್ಬಿ, ನವಿಲು ಎಂಬ ಕನ್ನಡದ ಮುಕ್ತ ಅಕ್ಷರವಿನ್ಯಾಸಗಳೂ ಉಂಟು. ಈ ಲೇಖನವನ್ನು ಬೆರಳಚ್ಚಿಸಿದುದೂ ಅದೇ ವಿನ್ಯಾಸದಲ್ಲಿ.

ಇನ್ನು ಆ 2014ರ ಯಂತ್ರ. ಅದರಲ್ಲಿರುವುದು 4 ಜಿಬಿ ರ್ಯಾಮ್, ತಿರುಗುವ ಹಾರ್ಡ್ ಡಿಸ್ಕು, 64 ಬಿಟ್ಟಿನ ಪ್ರೊಸೆಸರು ಎಂದು ಬರೆದಿರುವಿರಿ. ನಿಧಾನಕ್ಕೆ ಮುಖ್ಯ ಕಾರಣ ಆ ಡಿಸ್ಕೇ ಇರಬಹುದು. ಅದರ ಬದಲು ಒಂದು ಸಣ್ಣ ಎಸ್‌ಎಸ್‌ಡಿಯನ್ನು ಹಾಕಿಸಿದರೆ ಮನೆಯ ಲೆಕ್ಕಕ್ಕೂ ತಮ್ಮ ಕಾಗದಪತ್ರಕ್ಕೂ ಇನ್ನೂ ಕೆಲವು ವರ್ಷ ಒದಗುವುದು. ಅದಕ್ಕೆ ಮೊದಲು ಒಳಗಿರುವ ಚಿತ್ರಗಳನ್ನೂ ಬರಹಗಳನ್ನೂ ಬೇರೆ ಕಡೆಗೆ ನಕಲುಮಾಡಿಕೊಳ್ಳುವುದನ್ನು ಮರೆಯಬೇಡಿ. ಮಿಂಟ್ ತುಂಬಿದ ಪೆನ್‌ಡ್ರೈವೊಂದನ್ನು ಸಿದ್ಧಪಡಿಸಿ ನಿನ್ನೆಯ ಅಂಚೆಯಲ್ಲಿ ತಮಗೆ ಕಳುಹಿಸಿರುವೆನು. ಮೊದಲು ಹಳೆಯ ಯಂತ್ರಕ್ಕೆ ಚುಚ್ಚಿ, ತಾವೂ ಮಗಳೂ ಕುಳಿತು ನೋಡಿರಿ. ಆಮೇಲೆ ಶಿವಮೊಗ್ಗಕ್ಕೆ ಲ್ಯಾಪ್‌ಟಾಪು ನೋಡಲು ಹೋಗುವ ದಿನ, ಅದೇ ಪೆನ್‌ಡ್ರೈವನ್ನು ಅವಳ ಕೈಯಲ್ಲಿಯೇ ಕೊಡಿ. ಅಂಗಡಿಯಲ್ಲಿ ಪರೀಕ್ಷೆಯನ್ನು ಅವಳೇ ನಡೆಸಲಿ.