ಮೂರು ತುಂಡಿನ ಚರಂಡಿ

ಊರಲ್ಲಿ ನಮ್ಮ ಮನೆ ಮುಂದೆ ಇರುವುದು ಒಂದೇ ಚರಂಡಿ. ಕಡತದಲ್ಲಿ ಮಾತ್ರ ಅದು ಮೂರು ಕಾಮಗಾರಿ. ಮೂಲೆ ಅಂಗಡಿಯಿಂದ ನಮ್ಮ ಗೇಟಿನವರೆಗೆ ಒಂದು, ಗೇಟಿನಿಂದ ಹುಣಸೆಮರದವರೆಗೆ ಇನ್ನೊಂದು, ಅಲ್ಲಿಂದ ಮುಂದಕ್ಕೆ ಮತ್ತೊಂದು. ಮೂರರ ಅಂದಾಜೂ 5 ಲಕ್ಷಕ್ಕೆ ಸ್ವಲ್ಪವೇ ಕಡಿಮೆ. ಕಳೆದ ಮಳೆಗಾಲದಲ್ಲಿ ಪುಣೆಯಿಂದ ಹೋದಾಗ ಅಪ್ಪ ಹಲಗೆ ಹಾಕಿಕೊಂಡು ಗೇಟು ದಾಟುತ್ತಿದ್ದರು. ತುಂಡುಗಳ ಮಟ್ಟ ಕೂಡದೆ ನೀರು ಅಲ್ಲೇ ನಿಂತಿತ್ತು.

5 ಲಕ್ಷವೇ ಏಕೆ? ಕರ್ನಾಟಕದ 1999ರ ಕೆಟಿಪಿಪಿ ಕಾಯ್ದೆ ಸ್ಥಳೀಯ ಸಂಸ್ಥೆಗಳೂ ಟೆಂಡರ್ ಕರೆದೇ ಕೆಲಸ ಕೊಡಬೇಕು ಅನ್ನುತ್ತದೆ. ಆದರೆ 4ನೇ ಕಲಮಿನಲ್ಲಿ ವಿನಾಯಿತಿಗಳಿವೆ. ಸಣ್ಣ ಕಾಮಗಾರಿಗೆ 5 ಲಕ್ಷದ ಮಿತಿ ಅಂಥದ್ದೊಂದು. ದೊಡ್ಡವರಿಗೆ 4(ಜಿ) ಇದೆ: ಸರ್ಕಾರ ಅಧಿಸೂಚನೆ ಹೊರಡಿಸಿದರೆ ಟೆಂಡರೇ ಬೇಡ. ಕೆಆರ್‌ಐಡಿಎಲ್‌ನಂಥ ಸರ್ಕಾರಿ ಸಂಸ್ಥೆಗೆ ಈ ದಾರಿಯಲ್ಲಿ ಕಾಮಗಾರಿ ವಹಿಸುವುದು ವರ್ಷಗಳಿಂದ ನಡೆದಿದೆ. ಸಂಸ್ಥೆ ಸರ್ಕಾರದ್ದು, ಸರಿ, ಗುದ್ದಲಿ ಯಾರದ್ದು?

ಟೆಂಡರ್ ಅಂದರೆ ತಿಂಗಳುಗಟ್ಟಲೆ ವಿಳಂಬ, ಸಣ್ಣ ಕೆಲಸಕ್ಕೆ ಅಷ್ಟೆಲ್ಲ ಯಾಕೆ ಎಂದು ನಮ್ಮವರೇ ಕೇಳುತ್ತಾರೆ. ನಾನು ಐಟಿ ಪ್ರಾಜೆಕ್ಟ್ ನಡೆಸುವವನು, ತುರ್ತು ನನಗೂ ಗೊತ್ತು. ರಾತ್ರಿ ಎರಡಕ್ಕೆ ಸರ್ವರ್ ಬಿದ್ದರೆ ಅನುಮತಿಗೆ ಕಾಯುವುದಿಲ್ಲ. ಆದರೆ ಬೆಳಗಾಗುವಷ್ಟರಲ್ಲಿ ಯಾರು, ಏನು, ಯಾಕೆ ಮಾಡಿದರು ಎಂದು ದಾಖಲಾಗಲೇಬೇಕು. ಒಂದೇ ತುರ್ತು ಮೂರು ಸಲ ಬಂದರೆ ನನ್ನನ್ನೇ ಕೂರಿಸಿ ಕೇಳುತ್ತಾರೆ. ಚರಂಡಿಗೆ ಅಂಥ ತುರ್ತು ಎಲ್ಲಿಂದ ಬಂತು? ಮಳೆಗಾಲ ಜೂನ್‌ನಲ್ಲಿ ಬರುತ್ತದೆ ಎಂಬುದು ಗುಟ್ಟೇ? ಬಿಲ್ಲುಗಳೇನೋ ಮಾರ್ಚ್ ಕೊನೆಗೆ ಸರಿಯಾಗಿ ಬಂದಿದ್ದವು.

ಮನೆ ಕಂದಾಯ ನಾನು ಇಲ್ಲಿಂದಲೇ ಆನ್‌ಲೈನ್‌ನಲ್ಲಿ ಕಟ್ಟುತ್ತೇನೆ, ಎರಡು ನಿಮಿಷದ ಕೆಲಸ. ಖರ್ಚಿನ ಲೆಕ್ಕ ಮಾತ್ರ ಆನ್‌ಲೈನ್‌ನಲ್ಲಿ ಸಿಗಲಿಲ್ಲ. ಮಾಹಿತಿ ಹಕ್ಕಿನಡಿ ಅಳತೆ ಪುಸ್ತಕದ ಪ್ರತಿ ಕೇಳಿದೆ. ಕರ್ನಾಟಕದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದಗಳ ಮಿತಿ. ಕಾಮಗಾರಿ ಮೂರು, ಆದ್ದರಿಂದ ಅರ್ಜಿ ಮೂರು ಹಾಕಿ ಎಂದರು. (ತುಂಡು ಮಾಡುವ ಕಲೆ ಇಲ್ಲಿಗೂ ಬಂತು!) ನೀವೂ ನಿಮ್ಮ ಊರಿನದ್ದು ಕೇಳಿ. ಟೆಂಡರ್ ಕಾಗದ ಕೇಳಿ ಸುಮ್ಮನಾಗಬೇಡಿ, ಅಳತೆ ಪುಸ್ತಕವನ್ನೇ ಕೇಳಿ.

ಮೂರೂ ಹಾಕಿದೆ, ಹತ್ತು ಹತ್ತು ರೂಪಾಯಿ. ಒಂದಕ್ಕೆ ಮಾತ್ರ ಉತ್ತರ ಬಂದಿದೆ, ಮೊದಲ ತುಂಡಿನದ್ದು. ಅಪ್ಪ ಟೇಪು ಹಿಡಿದು ಅಳೆದರು. ಪುಸ್ತಕದಲ್ಲಿರುವ ಉದ್ದಕ್ಕೆ ಚರಂಡಿ ನಮ್ಮ ಗೇಟು ದಾಟಿ ಹುಣಸೆಮರ ಮುಟ್ಟಬೇಕು.