ವರದಿ ತಲುಪಿತು, ಯಾರಿಗೆ?

ಕಳೆದ ತಿಂಗಳ ಸರ್ವಸದಸ್ಯರ ಸಭೆಯಲ್ಲಿ ನಮ್ಮ ಸಂಘದ ತಂತ್ರಾಂಶ ಬಳಗದ ತರುಣ ಮಿತ್ರರು ಒಂದು ಯೋಜನೆಯನ್ನು ಮಂಡಿಸಿದರು. ಮುಂದಿನ ಆರೋಗ್ಯ ಶಿಬಿರದಲ್ಲಿ ರಕ್ತ ಕೊಟ್ಟ ಪ್ರತಿಯೊಬ್ಬರ ಫಲಿತಾಂಶವೂ ಪ್ರಯೋಗಾಲಯದ ತಂತ್ರಾಂಶದಿಂದ ವೆಬ್‌ಹುಕ್ ಮೂಲಕ ಹೊರಟು ಕೆಲವೇ ಕ್ಷಣಗಳಲ್ಲಿ ಆಯಾ ಕುಟುಂಬದ ಫೋನಿಗೆ ಬಂದು ಸೇರುತ್ತದೆ, ನಡುವೆ ಯಾವ ಮನುಷ್ಯನ ಕೈಯೂ ಬೇಕಿಲ್ಲ ಎಂಬುದು ಅದರ ಸಾರ. ಸಭೆ ಚಪ್ಪಾಳೆ ತಟ್ಟಿತು. ನಾನು ಎದ್ದು ವಿರೋಧಿಸಿದೆ. ಹಿಂದಿನ ಸಾಲಿನಿಂದ ಯಾರೋ "ಡಾಕ್ಟರಿಗೆ ಇನ್ನೂ ಫ್ಯಾಕ್ಸ್ ಯಂತ್ರದ ಮೇಲೇ ಪ್ರೀತಿ" ಎಂದರು. ಎಲ್ಲರೂ ನಕ್ಕರು, ಊಟದ ಹೊತ್ತಾಗಿತ್ತು, ವಿಷಯ ಅಲ್ಲಿಗೇ ನಿಂತಿತು. ಸಭೆಯಲ್ಲಿ ಹೇಳಲಾಗದೆ ಉಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ.

ಫ್ಯಾಕ್ಸ್ ಯಂತ್ರದ ಮೇಲೆ ನನಗೆ ಪ್ರೀತಿಯಿಲ್ಲ. ವೆಬ್‌ಹುಕ್ಕಿನ ಮೇಲೆ ದ್ವೇಷವೂ ಇಲ್ಲ. ಅದೇನೆಂದು ತಿಳಿಯದ ಹಿರಿಯರಿಗಾಗಿ ಎರಡು ಮಾತು. ಮೊದಲು ನಮ್ಮ ಗಣಕವು ಕಾಲು ಗಂಟೆಗೊಮ್ಮೆ ಪ್ರಯೋಗಾಲಯದ ಗಣಕವನ್ನು "ಫಲಿತಾಂಶ ಬಂತೇ, ಬಂತೇ" ಎಂದು ಕೇಳುತ್ತಿತ್ತು. ದಿನವೂ ಅಂಚೆ ಕಚೇರಿಗೆ ಹೋಗಿ ನಮ್ಮ ಹೆಸರಿಗೆ ಕಾಗದ ಬಂದಿದೆಯೇ ಎಂದು ವಿಚಾರಿಸಿದ ಹಾಗೆ. ವೆಬ್‌ಹುಕ್ಕಿನಲ್ಲಿ ಅಂಚೆಯಣ್ಣನೇ ಮನೆ ಬಾಗಿಲಿಗೆ ಬರುತ್ತಾನೆ: ನಾವು ಒಂದು ಜಾಲವಿಳಾಸವನ್ನು ಮೊದಲೇ ಕೊಟ್ಟಿರುತ್ತೇವೆ, ಫಲಿತಾಂಶ ಸಿದ್ಧವಾದ ಕ್ಷಣವೇ ಪ್ರಯೋಗಾಲಯದ ತಂತ್ರಾಂಶವು ಆ ವಿಳಾಸಕ್ಕೆ ಸಂದೇಶ ಕಳುಹಿಸುತ್ತದೆ, ನಮ್ಮ ಕಡೆಯ ಗಣಕವು "200" ಎಂಬ ಸಂಖ್ಯೆಯನ್ನು ಮರಳಿಸಿ ಸ್ವೀಕೃತಿಯನ್ನು ತಿಳಿಸುತ್ತದೆ. ಅಚ್ಚುಕಟ್ಟಾದ ವ್ಯವಸ್ಥೆಯೇ ಸರಿ. ಆದರೆ ಇದನ್ನು ಹೊಸ ಯುಗದ ಅವತಾರವೆಂದು ಕೊಂಡಾಡಬೇಕಿಲ್ಲ. ಆಸ್ಪತ್ರೆಗಳ ಗಣಕಗಳು ತಮ್ಮೊಳಗೆ ಮಾತನಾಡಿಕೊಳ್ಳಲು ಎಚ್‌ಎಲ್ ಸೆವೆನ್ ಎಂಬ ಸಂಸ್ಥೆ 1987ರಲ್ಲೇ ಹುಟ್ಟಿತು. ಅದರ ನಿಯಮಗಳಂತೆ ಪ್ರಯೋಗಾಲಯದ ಗಣಕವು ಫಲಿತಾಂಶವನ್ನು ತಾನಾಗಿಯೇ ಆಸ್ಪತ್ರೆಯ ಗಣಕಕ್ಕೆ ತಳ್ಳುತ್ತದೆ, ಆ ಗಣಕ ಸ್ವೀಕೃತಿ ಸಂದೇಶವನ್ನು ಮರಳಿಸುತ್ತದೆ. ಅಂದರೆ ದಶಕಗಳಿಂದ ವೈದ್ಯರು ಇದರೊಡನೆ ಬಾಳುತ್ತಿದ್ದಾರೆ, ಅದು ಎಲ್ಲಿ ಕೈಕೊಡುತ್ತದೆಂಬುದನ್ನೂ ಬಲ್ಲರು. ನನ್ನ ವಿರೋಧ ಆ ಬಲ್ಲತನದಿಂದ ಬಂದದ್ದು.

ಆ "200" ಎಂಬ ಉತ್ತರದ ಅರ್ಥ ಒಂದೇ: ಒಂದು ಗಣಕದಿಂದ ಇನ್ನೊಂದು ಗಣಕಕ್ಕೆ ಅಕ್ಷರಗಳು ತಲುಪಿದವು. ಯಾರೋ ಓದಿದರು ಎಂದಾಗಲಿ, ಓದಿದವರಿಗೆ ಅರ್ಥವಾಯಿತು ಎಂದಾಗಲಿ, ಏನಾದರೂ ಮಾಡಿದರು ಎಂದಾಗಲಿ ಅದಕ್ಕೆ ಅರ್ಥವಿಲ್ಲ.

ಹೋದ ವರ್ಷದ ಶಿಬಿರದಲ್ಲಿ ನಡೆದದ್ದನ್ನು, ಸಂಬಂಧಪಟ್ಟವರ ಒಪ್ಪಿಗೆ ಪಡೆದು, ಈಗ ಹೇಳುತ್ತೇನೆ. ನಮ್ಮ ಸದಸ್ಯರೊಬ್ಬರ ತಂದೆ, ಎಪ್ಪತ್ತು ದಾಟಿದವರು, ಶನಿವಾರ ಬೆಳಿಗ್ಗೆ ರಕ್ತ ಕೊಟ್ಟರು. ಆ ರಾತ್ರಿಯೇ ಫಲಿತಾಂಶ ಸಿದ್ಧವಾಯಿತು. ಪೊಟ್ಯಾಸಿಯಂ 6.7. ಸಾಮಾನ್ಯವಾಗಿ ಇದು 3.5ರಿಂದ 5ರ ಒಳಗಿರಬೇಕು. ಆರನ್ನು ದಾಟಿ ಮೇಲೇರಿದಂತೆಲ್ಲ ಹೃದಯದ ಬಡಿತವು ಯಾವ ಮುನ್ಸೂಚನೆಯೂ ಇಲ್ಲದೆ ತಾಳ ತಪ್ಪಬಹುದು. ವೆಬ್‌ಹುಕ್ ತನ್ನ ಕೆಲಸವನ್ನು ಮಾಡಿತು, ನಮ್ಮ ಗಣಕವು "200" ಎಂದಿತು. ಅಲ್ಲಿಂದ ಫೋನಿಗೆ ಹೋಗಬೇಕಾದ ಸಂದೇಶ ಹೋಗಲಿಲ್ಲ. ಹಿರಿಯರು ನೋಂದಣಿ ಪತ್ರದಲ್ಲಿ ಬರೆದದ್ದು ತಮ್ಮ ಊರಿನ ಸಂಖ್ಯೆಯನ್ನು, +91 ಇಲ್ಲದೆ, ಹತ್ತು ಅಂಕಿ. ನಮ್ಮ ತಂತ್ರಾಂಶವು ಅದನ್ನು ಅಮೆರಿಕದ ಸಂಖ್ಯೆಯೆಂದು ತಿಳಿದು ಪ್ರಯತ್ನಿಸಿ, ಸೋತು, ಆ ಸೋಲನ್ನು ಯಾರೂ ತೆರೆಯದ ಕಡತವೊಂದರಲ್ಲಿ ಬರೆದಿಟ್ಟು ಸುಮ್ಮನಾಯಿತು.

ಪ್ರಯೋಗಾಲಯದವರು ಏನು ಮಾಡುತ್ತಿದ್ದರು ಎಂದು ನೀವು ಕೇಳಬಹುದು. ಅವರು ಫೋನ್ ಮಾಡಿದ್ದರು. ಪ್ರಾಣಕ್ಕೆ ಕುತ್ತು ತರಬಲ್ಲ ಫಲಿತಾಂಶ ಬಂದಾಗ ಪರೀಕ್ಷೆಗೆ ಬರೆದುಕೊಟ್ಟವರಿಗೆ ಒಡನೆಯೇ ತಿಳಿಸಬೇಕೆಂಬುದು ಈ ದೇಶದ ಪ್ರಯೋಗಾಲಯಗಳನ್ನು ಆಳುವ ಕ್ಲಿಯಾ ನಿಯಮಗಳಲ್ಲೇ ಇದೆ. ಪರೀಕ್ಷೆಗೆ ಬರೆದುಕೊಟ್ಟದ್ದು ನನ್ನ ಹೆಸರಿನಲ್ಲಿ. ಆದರೆ ಅರ್ಜಿಯಲ್ಲಿದ್ದ ದೂರವಾಣಿ ಸಂಖ್ಯೆ ಸಂಘದ್ದು. ವಾರಾಂತ್ಯದಲ್ಲಿ ಅದನ್ನು ಎತ್ತುವವರಿಲ್ಲ. ಧ್ವನಿಮುದ್ರಿಕೆಯಲ್ಲಿ ಅವರ ಸಂದೇಶ ಎರಡು ಬಾರಿ ಇತ್ತು, ಯುಗಾದಿ ಊಟದ ಟಿಕೆಟ್ ವಿಚಾರಿಸಿದ ಯಾರದೋ ಸಂದೇಶದ ಮೇಲೊಂದು, ಕೆಳಗೊಂದು. ಅರ್ಜಿಗೆ ರುಜು ಹಾಕುವ ಮುನ್ನ ಆ ಸಂಖ್ಯೆಯನ್ನು ನಾನು ಓದಿರಲಿಲ್ಲ. ಆ ತಪ್ಪು ನನ್ನದು, ಯಾವ ತಂತ್ರಾಂಶದ್ದೂ ಅಲ್ಲ.

ಭಾನುವಾರ ಸಂಜೆ, ಬೇರೇನನ್ನೋ ಹುಡುಕುತ್ತಾ ಫಲಿತಾಂಶಗಳ ಪಟ್ಟಿಯನ್ನು ತೆರೆದಾಗ ಆ ಅಂಕಿ ಕಣ್ಣಿಗೆ ಬಿತ್ತು. ಸುಮಾರು ಇಪ್ಪತ್ತು ಗಂಟೆಗಳು ಕಳೆದಿದ್ದವು. ಸಂಗ್ರಹಿಸಿದ ರಕ್ತ ತಡವಾಗಿ ಪ್ರಯೋಗಾಲಯ ಸೇರಿದರೆ ಅಥವಾ ಕೆಂಪು ಕಣಗಳು ಒಡೆದರೆ ಪೊಟ್ಯಾಸಿಯಂ ಸುಳ್ಳಾಗಿಯೂ ಏರಿ ಕಾಣುತ್ತದೆ. ಹಾಗೆಯೇ ಆಗಿರಲಿ ಎಂದು ಬೇಡಿಕೊಳ್ಳುತ್ತಾ ಮಗನಿಗೆ ಕರೆ ಮಾಡಿದೆ. ಸುಳ್ಳಾಗಿರಲಿಲ್ಲ. ಹಿರಿಯರಿಗೆ ಸಕ್ಕರೆ ಕಾಯಿಲೆ, ಮೂತ್ರಪಿಂಡ ಸ್ವಲ್ಪ ಸೋತಿದೆ, ಲಿಸಿನೊಪ್ರಿಲ್ ಮತ್ತು ಸ್ಪೈರೊನೊಲ್ಯಾಕ್ಟೋನ್ ಎರಡನ್ನೂ ನುಂಗುತ್ತಿದ್ದರು. ಸಾಲದೆಂಬಂತೆ ಸೊಸೆ ಅಕ್ಕರೆಯಿಂದ ಸಾರಿಗೂ ಪಲ್ಯಕ್ಕೂ ಸೋಡಿಯಂ ಇಲ್ಲದ ಉಪ್ಪನ್ನು ಹಾಕುತ್ತಿದ್ದರು. ಆ ಉಪ್ಪು ಬಹುಪಾಲು ಪೊಟ್ಯಾಸಿಯಂ ಕ್ಲೋರೈಡ್. ತುರ್ತು ಚಿಕಿತ್ಸೆಯ ನಂತರ ಅವರು ಚೇತರಿಸಿಕೊಂಡರು. ಈ ವರ್ಷವೂ ಶಿಬಿರಕ್ಕೆ ಬರುತ್ತಾರಂತೆ.

ಈಗ ತರುಣರ ಯೋಜನೆಗೆ ಬರೋಣ. ಅವರ ಉತ್ತರ ಸರಳ: ಫೋನ್ ಸಂಖ್ಯೆಯ ದೋಷವನ್ನು ಸರಿಪಡಿಸಿದ್ದೇವೆ. ಸರಿಪಡಿಸಿದ್ದಾರೆ, ಒಪ್ಪಿದೆ. ಮುಂದಿನ ಬಾರಿ ಸಂದೇಶ ರಾತ್ರಿಯೇ ಫೋನನ್ನು ಸೇರುತ್ತದೆ. ಹಿರಿಯರು ಮಲಗಿರುತ್ತಾರೆ, ಅಥವಾ ಎಚ್ಚರವಿದ್ದು "ಪೊಟ್ಯಾಸಿಯಂ 6.7" ಎಂಬುದನ್ನು ಓದಿ, ಪಕ್ಕದ ಸಾಲಿನಲ್ಲಿ ಕೊಲೆಸ್ಟರಾಲ್ 212 ಎಂದಿರುವುದನ್ನು ಕಂಡು ಅದಕ್ಕೇ ಹೆಚ್ಚು ಗಾಬರಿಯಾಗುತ್ತಾರೆ. ಎರಡಕ್ಕೂ ಒಂದೇ ಕೆಂಪು ಬಣ್ಣ. ಇವುಗಳಲ್ಲಿ ಯಾವುದಕ್ಕೆ ಈ ಕ್ಷಣವೇ ಎದ್ದು ಹೊರಡಬೇಕು, ಯಾವುದಕ್ಕೆ ಮುಂದಿನ ತಿಂಗಳು ಸಾಕು ಎಂಬುದನ್ನು ಹೇಳಲು ಒಬ್ಬ ಮನುಷ್ಯ ಬೇಕು. ಲಾಸ್ ಏಂಜಲೀಸಿನ ರೋಗನಿದಾನ ತಜ್ಞ ಜಾರ್ಜ್ ಲುಂಡ್‌ಬರ್ಗ್ 1972ರಲ್ಲಿ ಇಂತಹ ಗಂಡಾಂತರದ ಅಂಕಿಗಳ ಪದ್ಧತಿಯನ್ನು ಬರೆದು ಪ್ರಚುರಪಡಿಸಿದರು. ಇಂದಿಗೂ ಆ ಪದ್ಧತಿಯಲ್ಲಿ ಪ್ರಯೋಗಾಲಯದವರು ಫೋನಿನಲ್ಲಿ ಅಂಕಿಯನ್ನು ಹೇಳಿ, ಕೇಳಿದವರಿಂದ ಅದನ್ನೇ ಮರಳಿ ಓದಿಸಿಕೊಂಡು, ಹೆಸರನ್ನೂ ವೇಳೆಯನ್ನೂ ಬರೆದಿಟ್ಟುಕೊಳ್ಳುತ್ತಾರೆ. ಇಷ್ಟೆಲ್ಲ ಗಣಕಗಳು ಬಂದ ಮೇಲೂ ಈ ಪುರಾತನ ಆಚಾರ ಉಳಿದಿರುವುದು ಪ್ರಯೋಗಾಲಯದವರ ದಡ್ಡತನದಿಂದಲ್ಲ.

ಇನ್ನೊಂದು ಸಂಗತಿ ಮಿತ್ರರ ಯೋಜನಾಪತ್ರದಲ್ಲಿ ಒಂದು ಸಾಲಿಗೂ ಗಿಟ್ಟಿಲ್ಲ. ಪ್ರಯೋಗಾಲಯದ ವರದಿಗೆ ಸ್ಥಿತಿಯೆಂಬುದೊಂದಿದೆ: ತಾತ್ಕಾಲಿಕ, ಅಂತಿಮ, ತಿದ್ದಿದ್ದು. ಮೊದಲು ಹೋದ ಅಂಕಿಯನ್ನು ಪ್ರಯೋಗಾಲಯವೇ ಮರುದಿನ ತಿದ್ದಿ ಕಳುಹಿಸುವುದುಂಟು. ಈಗ ವೆಬ್‌ಹುಕ್ಕಿನ ಗುಣವನ್ನು ಗಮನಿಸಿ. ಉತ್ತರ ಸಕಾಲಕ್ಕೆ ಬರದಿದ್ದರೆ ಕಳುಹಿಸುವ ಗಣಕವು ಅದೇ ಸಂದೇಶವನ್ನು ಮತ್ತೆ ಮತ್ತೆ ಕಳುಹಿಸುವಂತೆ ಸಾಮಾನ್ಯವಾಗಿ ಅದನ್ನು ಕಟ್ಟಿರುತ್ತಾರೆ. ಹೀಗಾಗಿ ಒಂದೇ ಸಂದೇಶ ಎರಡು ಸಲ ಬರಬಹುದು, ಹೊರಟ ಕ್ರಮದಲ್ಲೇ ಬರಬೇಕೆಂಬ ಭರವಸೆಯೂ ಇಲ್ಲ. ತಿದ್ದಿದ ವರದಿ ಮೊದಲು ತಲುಪಿ, ತಪ್ಪು ವರದಿಯ ಮರುಪ್ರಯತ್ನ ಆಮೇಲೆ ತಲುಪಿದರೆ? ಕೊನೆಗೆ ಬಂದದ್ದೇ ಸತ್ಯವೆಂದು ನಂಬುವ ತಂತ್ರಾಂಶವು ಸರಿಯಾದ ಅಂಕಿಯನ್ನು ಅಳಿಸಿ ತಪ್ಪು ಅಂಕಿಯನ್ನು ಕೂರಿಸುತ್ತದೆ. ಪ್ರತಿ ಸಂದೇಶಕ್ಕೂ ಒಂದು ಗುರುತುಸಂಖ್ಯೆ, ಪ್ರತಿ ವರದಿಗೂ ಒಂದು ಆವೃತ್ತಿಸಂಖ್ಯೆ ಇಟ್ಟುಕೊಂಡು ಹೋಲಿಸಿದರೆ ಇದನ್ನು ತಡೆಯಬಹುದು. ಇದು ನನಗಿಂತ ನಮ್ಮ ಎಂಜಿನಿಯರ್ ಮಿತ್ರರಿಗೆ ಚೆನ್ನಾಗಿ ಗೊತ್ತು. ಕಚೇರಿಯಲ್ಲಿ ಹಣದ ವಹಿವಾಟಿನ ತಂತ್ರಾಂಶ ಬರೆಯುವಾಗ ಒಂದೇ ಡಾಲರ್ ಎರಡು ಸಲ ಕಡಿತವಾಗದಂತೆ ಅವರು ಕಣ್ಣಲ್ಲಿ ಕಣ್ಣಿಟ್ಟು ಕಾಯುತ್ತಾರೆ. ಸಂಘದ ಕೆಲಸವೆಂದರೆ ಶನಿವಾರ ಸಂಜೆಯ ಎರಡು ಗಂಟೆ ಸಾಕೆಂದು ಹೇಗೆ ತೋಚಿತೋ ಕಾಣೆ.

ಸಂದೇಶದೊಳಗೇ ಹೆಸರು, ಜನ್ಮದಿನಾಂಕ, ಫಲಿತಾಂಶ ಎಲ್ಲವನ್ನೂ ತುಂಬಿ ಕಳುಹಿಸುವುದೂ ಸಲ್ಲದು. ವರದಿಯ ಗುರುತುಸಂಖ್ಯೆ ಮಾತ್ರ ಬರಲಿ. ಅಧಿಕಾರವುಳ್ಳವರು ಹೋಗಿ ವರದಿಯನ್ನು ತೆಗೆದುಕೊಳ್ಳಲಿ. ಬಂದ ಸಂದೇಶ ನಿಜಕ್ಕೂ ಪ್ರಯೋಗಾಲಯದ್ದೇ ಎಂಬುದಕ್ಕೆ ಗುಪ್ತಕೀಲಿಯ ಸಹಿಯನ್ನು ಪರಿಶೀಲಿಸಬೇಕು. ಹಾಗಿಲ್ಲದಿದ್ದರೆ ಆ ವಿಳಾಸ ತಿಳಿದ ಯಾರು ಬೇಕಾದರೂ ಯಾರ ಹೆಸರಿನಲ್ಲಾದರೂ ಫಲಿತಾಂಶ ಕಳುಹಿಸಬಹುದು.

"ಕುಟುಂಬದ ಫೋನು" ಎಂಬ ಮಾತು ನನಗೆ ಇನ್ನೂ ಚುಚ್ಚುತ್ತದೆ. ನಮ್ಮಲ್ಲಿ ಎಷ್ಟು ಮನೆಗಳಲ್ಲಿ ಈಗಾಗಲೇ ಹೀಗಾಗಿಲ್ಲ? ಮೈಸೂರಿನಲ್ಲೋ ದಾವಣಗೆರೆಯಲ್ಲೋ ಅಮ್ಮ ಬೆಳಿಗ್ಗೆ ರಕ್ತ ಕೊಟ್ಟು ಮನೆಗೆ ಬಂದು ತಿಂಡಿ ತಿನ್ನುತ್ತಿರುತ್ತಾರೆ. ವರದಿ ವಾಟ್ಸಾಪಿನಲ್ಲಿ ಇಲ್ಲಿ ಮಗನ ಫೋನಿಗೆ ಬಂದಿರುತ್ತದೆ, ಏಕೆಂದರೆ ಹಣ ಕಟ್ಟಿದವನು ಅವನು. ಅವನು ನಡುರಾತ್ರಿ ಕ್ರಿಯಾಟಿನಿನ್ ಎಂದರೇನೆಂದು ಹುಡುಕಿ, ಕಂಗಾಲಾಗಿ, ಕರೆ ಮಾಡಿ "ಏನಮ್ಮ ಇದು, ನೀರು ಕುಡಿಯುತ್ತಿಲ್ಲವೇ" ಎಂದು ಗದರುತ್ತಾನೆ. ತನ್ನ ದೇಹದ ಸುದ್ದಿಯನ್ನು ಆ ತಾಯಿ ಮಗನ ಸಿಟ್ಟಿನ ಮೂಲಕ ತಿಳಿಯುತ್ತಾಳೆ. ಕೆನಡಾದಲ್ಲೋ ಇಂಗ್ಲೆಂಡಿನಲ್ಲೋ ಇರುವ ಮಗಳಾದರೆ ಇನ್ನೂ ಒಂದು ಅವಾಂತರ. ಅಲ್ಲಿ ಕ್ರಿಯಾಟಿನಿನ್ನಿನ ಮಾನವೇ ಬೇರೆ, ನಮ್ಮ ಒಂದು ಅಲ್ಲಿ ಸುಮಾರು 88. ನಮ್ಮ ಶಿಬಿರಕ್ಕೆ ಬರುವವರಲ್ಲಿ ಮಕ್ಕಳ ಮನೆಗೆ ಬಂದಿಳಿದ ಇಂತಹ ತಂದೆತಾಯಿಯರು ಬಹಳ. ವರದಿ ಅವರದು. ಯಾರಿಗೆ ತೋರಿಸಬೇಕೆಂದು ಅವರೇ ಹೇಳಲಿ.

ಕಾನೂನು ನನ್ನ ವಿರುದ್ಧವಿದೆಯೆಂದು ಸಭೆಯಲ್ಲಿ ಒಬ್ಬರು ಹೇಳಿದರು. ಈ ದೇಶದಲ್ಲಿ 2021ರ ಏಪ್ರಿಲ್‌ನಿಂದ ಮಾಹಿತಿ ತಡೆಯ ವಿರುದ್ಧದ ನಿಯಮಗಳು ಜಾರಿಗೆ ಬಂದಿವೆ, ಸಕಾರಣವಿಲ್ಲದೆ ರೋಗಿಯ ಫಲಿತಾಂಶವನ್ನು ವೈದ್ಯರು ಹಿಡಿದಿಡುವಂತಿಲ್ಲ, ನಿಜ. 2023ರಲ್ಲಿ ಪ್ರಕಟವಾದ ಸಮೀಕ್ಷೆಯೊಂದರಲ್ಲಿ ಉತ್ತರಿಸಿದ ಎಂಟು ಸಾವಿರಕ್ಕೂ ಹೆಚ್ಚು ಮಂದಿಯಲ್ಲಿ ನೂರಕ್ಕೆ ತೊಂಬತ್ತೈದಕ್ಕಿಂತ ಹೆಚ್ಚಿನವರು ವೈದ್ಯರು ನೋಡುವ ಮೊದಲೇ ಆದರೂ ಫಲಿತಾಂಶ ಒಡನೆಯೇ ಬೇಕೆಂದಿದ್ದಾರೆ, ಅದೂ ನಿಜ. ವೈದ್ಯರು ವಾರಗಟ್ಟಲೆ ಕಾಯಿಸಿದ ಪಾಪ ಅದರ ಹಿಂದಿದೆ. ಆದ್ದರಿಂದ ನೋಡುವ ಹಕ್ಕಿಗೆ ನಾನು ಅಡ್ಡ ಬರುವುದಿಲ್ಲ. ಫಲಿತಾಂಶ ಆ ಕ್ಷಣವೇ ಅಲ್ಲಿರಲಿ, ಬೇಕೆನಿಸಿದವರು ತೆರೆದು ನೋಡಲಿ. ಹಕ್ಕಿನ ಹೆಸರು ಹೇಳಿ ಹೊಣೆಯನ್ನು ರೋಗಿಯ ಫೋನಿಗೆ ದಾಟಿಸಿ ನಾವು ಕೈತೊಳೆದುಕೊಳ್ಳುವುದನ್ನು ಮಾತ್ರ ಒಪ್ಪಲಾರೆ.

ನಾನು ಕೇಳುತ್ತಿರುವುದು ದುಬಾರಿಯಲ್ಲ. ಶಿಬಿರದ ದಿನದಿಂದ ಕೊನೆಯ ಫಲಿತಾಂಶ ಬರುವವರೆಗೆ, ಅಂದರೆ ಮೂರು ರಾತ್ರಿ, ಒಬ್ಬೊಬ್ಬ ವೈದ್ಯರು ಪಾಳಿಯಲ್ಲಿರಬೇಕು. ಪ್ರಯೋಗಾಲಯಕ್ಕೆ ಕೊಡುವ ಸಂಖ್ಯೆ ಅವರದಾಗಿರಬೇಕು. ಗಂಡಾಂತರದ ಅಂಕಿ ಬಂದಾಗ ವೆಬ್‌ಹುಕ್ ಮೊದಲು ಅವರನ್ನು ಎಬ್ಬಿಸಲಿ. "ನೋಡಿದೆ" ಎಂದು ಅವರು ಅರ್ಧ ಗಂಟೆಯೊಳಗೆ ಒತ್ತದಿದ್ದರೆ ಮತ್ತೊಬ್ಬರ ಫೋನು ಮೊಳಗಲಿ. ರೋಗಿಯೊಡನೆ ಕನ್ನಡದಲ್ಲಿ ಮಾತನಾಡಿ, ಹೇಳಿದ್ದನ್ನು ಬರೆದಿಡಲಿ. ಜೊತೆಗೆ, ನೀವು ನಕ್ಕ ಆ ಹಳೆಯ ಪದ್ಧತಿಯೂ ಉಳಿಯಲಿ: ದಿನಕ್ಕೊಮ್ಮೆ ನಮ್ಮ ಗಣಕವೇ ಪ್ರಯೋಗಾಲಯವನ್ನು ಕೇಳಿ, ಎಷ್ಟು ಜನ ರಕ್ತ ಕೊಟ್ಟರು, ಎಷ್ಟು ವರದಿ ಬಂದವು ಎಂದು ತಾಳೆ ನೋಡಲಿ. ಬಾರದೇ ಹೋದ ವೆಬ್‌ಹುಕ್ ತಾನು ಬರಲಿಲ್ಲವೆಂದು ಹೇಳುವುದಿಲ್ಲ.

ರಾಜ್ಯೋತ್ಸವದ ಊಟ ಬಡಿಸಲು ನಮ್ಮಲ್ಲಿ ನಲವತ್ತು ಜನ ಸೊಂಟ ಕಟ್ಟಿ ನಿಲ್ಲುತ್ತಾರೆ. ಸದಸ್ಯರಲ್ಲಿ ವೈದ್ಯರಿಗೂ ಕೊರತೆಯಿಲ್ಲ. ವೇದಿಕೆಯ ಮೇಲೆ ಸನ್ಮಾನ ಸ್ವೀಕರಿಸುವಾಗ ಎಲ್ಲರನ್ನೂ ಕಂಡಿದ್ದೇನೆ. ಪಾಳಿಪಟ್ಟಿಯನ್ನು ಕಾರ್ಯದರ್ಶಿಗಳಿಗೆ ಕಳುಹಿಸಿದ್ದೇನೆ. ಮೊದಲ ರಾತ್ರಿಗೆ ನನ್ನ ಹೆಸರಿದೆ. ಎರಡನೆಯದೂ ಮೂರನೆಯದೂ ಖಾಲಿಯಿವೆ. ಅವು ತುಂಬುವವರೆಗೆ ಪರೀಕ್ಷೆಯ ಅರ್ಜಿಗಳಿಗೆ ನಾನು ರುಜು ಹಾಕುವುದಿಲ್ಲ.